ಹಾಲು ತಂಪು ಮಾಡುವ ಗ್ಯಾಸು
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕವನ್ನು ಕಾರ್ಯದರ್ಶಿಗಳು ಆಗಲೇ ಓದಿದ್ದಾರೆ. ನಾನು ನಮ್ಮ ಹಾಲಿನ ಕೂಲರ್ ಬಗ್ಗೆ ಎರಡು ಮಾತು ಹೇಳಿ ಕೂತ್ಕೋತೀನಿ. ನಾನು ಎಸ್ಸೆಸ್ಸೆಲ್ಸಿ ಓದಿದವನು. ಮೆಕ್ಯಾನಿಕ್ ಪಕ್ಕ ಕೂತು, ಒಂದಷ್ಟು ಓದಿ ತಿಳಿದುಕೊಂಡದ್ದು ಇದು.

ಕೆಚ್ಚಲಿಂದ ಬಂದ ಹಾಲು ನಮ್ಮ ಮೈಯಷ್ಟೇ ಬಿಸಿ. ಬೇಗ 4 ಡಿಗ್ರಿಗೆ ಇಳಿಸದಿದ್ದರೆ ಕೆಡುತ್ತದೆ. ಇಳಿಸುವುದು ಟ್ಯಾಂಕಿನ ತಳದಲ್ಲಿ ಓಡಾಡುವ ಗ್ಯಾಸು. ಸೂಜಿ ಚುಚ್ಚುವ ಮುಂಚೆ ಸ್ಪಿರಿಟ್ ಒರೆಸಿದರೆ ತಣ್ಣಗಾಗುತ್ತಲ್ಲ, ಅದು ಆರುವಾಗ ಮೈ ಶಾಖ ಎಳೆದುಕೊಳ್ಳುತ್ತದೆ. ಇದೂ ಹಾಗೇ. ನಮ್ಮ ಕೂಲರಿನ ಆರ್-22 ಗ್ಯಾಸು ಬಯಲಲ್ಲಿ ಮೈನಸ್ 41 ಡಿಗ್ರಿಗೇ ಕುದಿಯುತ್ತದೆ. ಹಾಲಿನ ಶಾಖ ಹೀರಿ ಆವಿಯಾಗುತ್ತದೆ, ಕಂಪ್ರೆಸರ್ ಅದನ್ನು ಒತ್ತುತ್ತದೆ, ಹೊರಗಡೆ ಫ್ಯಾನಿನ ಹತ್ತಿರ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಮಳೆಗಾಲದಲ್ಲಿ ನಮ್ಮ ಹುಡುಗರು ಆ ಫ್ಯಾನಿನ ಮುಂದೆ ಟವೆಲ್ ಒಣಗಿಸುತ್ತಾರೆ. ಅದು ನಿಮ್ಮ ಹಾಲಿನದೇ ಬಿಸಿ.

ಗ್ಯಾಸು ಹೀಗೆ ಸುತ್ತುತ್ತದೆಯೇ ಹೊರತು ಡೀಸೆಲ್ ಥರ ಖರ್ಚಾಗುವುದಿಲ್ಲ. ಇದು ಗೊತ್ತಿಲ್ಲದೆ ಎರಡು ವರ್ಷದ ಹಿಂದೆ ಒಂದೇ ಬೇಸಿಗೆಯಲ್ಲಿ ಮೂರು ಸಲ ಗ್ಯಾಸು ತುಂಬಿಸಿದೆವು. ಆ ನಡುವೆ ಒಂದು ಹೊತ್ತಿನ ಹಾಲು ಹುಳಿ ಅಂತ ವಾಪಸ್ ಬಂತು. ಯಾರೋ ಹಿಂದಿನ ಹೊತ್ತಿನ ಹಾಲು ಬೆರೆಸಿದ್ದಾರೆ ಅಂತ ಒಂದು ಮನೆಯವರ ಮೇಲೆ ಅನುಮಾನ ಹೋಯ್ತು. ನಾನೂ ಅನುಮಾನಪಟ್ಟೆ. ಅವರು ಇಲ್ಲೇ ಕೂತಿದ್ದಾರೆ, ಅವರ ಮುಂದೆ ತಪ್ಪು ಒಪ್ಪಿಕೊಳ್ತೇನೆ. ಕೊನೆಗೆ ಸೋಪಿನ ನೊರೆ ಹಚ್ಚಿ ನೋಡಿದರೆ ಪೈಪಿನ ಬೆಸುಗೆಯಲ್ಲಿ ಗುಳ್ಳೆ ಏಳುತ್ತಿತ್ತು.

ಸೋರಿದ್ದು ಎಲ್ಲಿ ಹೋಯ್ತು? ಆರ್-22ರಲ್ಲಿ ಫ್ಲೋರಿನ್ ಜೊತೆಗೆ ಕ್ಲೋರಿನ್ ಇದೆ. ಆ ಕ್ಲೋರಿನ್ ಮೇಲಕ್ಕೆ ಹೋಗಿ, ಸೂರ್ಯನ ಕೆಟ್ಟ ಕಿರಣ ತಡೆಯುವ ಓಜೋನ್ ಪದರವನ್ನು ಕೆಡಿಸುತ್ತದೆ. ಹಳೇ ಫ್ರಿಜ್ಜುಗಳ ಆರ್-12 ಇನ್ನೂ ಕೆಟ್ಟದ್ದು. ಅದಕ್ಕೇ 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ನಮ್ಮ ದೇಶ 1992ರಲ್ಲಿ ಸೇರಿತು. ಟ್ಯಾಂಕಿನ ಗೋಡೆಯೊಳಗಿನ ಪಫ್ ಉಬ್ಬಿಸಲು ಬಳಸುತ್ತಿದ್ದ 141ಬಿ ಎಂಬುದನ್ನು 2020ರಿಂದ ನಮ್ಮಲ್ಲಿ ನಿಲ್ಲಿಸಿದ್ದಾರೆ. ಆರ್-22ರ ಸರದಿ 2030ಕ್ಕೆ.

ಹಾಗಂತ ಹೊಸದೆಲ್ಲ ಒಳ್ಳೆಯದು ಅಂತಲ್ಲ. ಆರ್-404ಎ ಓಜೋನ್ ಮುಟ್ಟುವುದಿಲ್ಲ, ಆದರೆ ಒಂದು ಕಿಲೋ ಸೋರಿದರೆ ಸುಮಾರು 3,900 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿ ಕಾಯಿಸುತ್ತದೆ. ಇಂಥವನ್ನು ಇಳಿಸಲು 2016ರಲ್ಲಿ ಕಿಗಾಲಿಯಲ್ಲಿ ಇನ್ನೊಂದು ಒಪ್ಪಂದವಾಗಿದೆ.

ಮುಂದಿನ ತಿಂಗಳು ಹೊಸ ಕೂಲರಿನ ಕೊಟೇಶನ್‌ಗಳು ಸಭೆಗೆ ಬರುತ್ತವೆ. ಎಷ್ಟು ಲೀಟರು, ಎಷ್ಟು ರೇಟು ಅಂತ ಕೇಳುವವರು ಯಾವ ಗ್ಯಾಸು ಅಂತಲೂ ಕೇಳಿ. ಹಳೇದರ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಇಳಿಸಿಕೊಂಡು ಹೋಗುವ ಖರ್ಚೂ ಅದರಲ್ಲಿ ಸೇರಿರಬೇಕು.