ಹತ್ತನೆಯ ವಿಕೆಟ್ಟು

(ಸಿದ್ದಾಪುರದಲ್ಲಿ ಹುಣ್ಣಿಮೆಯ ಶಿವಾನುಭವ ಗೋಷ್ಠಿಯಂದು ಪೂಜ್ಯ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಈ ಹೊತ್ತು ಪುರಾಣದ ಕಥಾಭಾಗವನ್ನು ಬದಿಗಿರಿಸಿ ನಾವು ಚೆಂಡಾಟದ ಮಾತನ್ನು ಆಡುವವರಿದ್ದೇವೆ. ಗದ್ದುಗೆಯ ಮೇಲೆ ಕುಳಿತವರಿಗೆ ಬ್ಯಾಟು ಚೆಂಡಿನ ಗೊಡವೆ ಏತಕ್ಕೆಂದು ಹಿರಿಯರಿಗೆ ಅನಿಸಬಹುದು. ಅನಿಸಲಿ, ಅಡ್ಡಿಯಿಲ್ಲ. ಈ ಊರಿನ ಎರಡು ಮನೆಗಳ ನಡುವೆ ಮಾತು ನಿಂತು ಮೂರು ವಾರಗಳಾಗಿವೆ. ಅದಕ್ಕೆ ಕಾರಣ ಹೊಲವಲ್ಲ, ಹಣವಲ್ಲ, ಒಂದು ಚೆಂಡು. ಆ ಎರಡೂ ಮನೆಯವರು ಈ ಸಭೆಯಲ್ಲಿಯೇ ಇದ್ದಾರೆ. ಅವರ ಹೆಸರನ್ನು ನಾವು ಹೇಳುವುದಿಲ್ಲ, ನೀವೂ ತಿರುತಿರುಗಿ ನೋಡಬೇಡಿರಿ.

ನಡೆದದ್ದು ಇಷ್ಟು. ಸುಗ್ಗಿ ಮುಗಿದ ಗದ್ದೆಯಲ್ಲಿ ಜಾತ್ರೆಯ ನಿಮಿತ್ತ ತರುಣರು ಕ್ರಿಕೆಟ್ ಪಂದ್ಯಗಳನ್ನು ಏರ್ಪಡಿಸಿದ್ದರು. ಒಬ್ಬನು ಇಷ್ಟೇ ಓವರು ಹಾಕಬೇಕೆಂಬ ಕಟ್ಟಳೆ ನಮ್ಮೂರ ಆಟದಲ್ಲಿ ಇಲ್ಲವಂತೆ. ಕಡೆಯ ಪಂದ್ಯದಲ್ಲಿ ನಮ್ಮ ಹುಡುಗನೊಬ್ಬ ಒಂದು ಕಡೆಯಿಂದ ಎಸೆಯುತ್ತ ಒಂಬತ್ತು ವಿಕೆಟ್ಟು ಕಿತ್ತ. ಎದುರು ಊರಿನವರಿಗೆ ಗೆಲ್ಲಲು ಐದು ರನ್ನು ಬೇಕಾಗಿತ್ತು, ಉಳಿದದ್ದು ಒಂದೇ ವಿಕೆಟ್ಟು. ಇನ್ನೊಂದು ಕಡೆಯಿಂದ ಎಸೆಯುವ ಸರದಿ ಅವನ ಗೆಳೆಯನದು. ಅವನು ನೇರವಾಗಿ ಎಸೆದ, ಗೂಟ ಹಾರಿತು, ಊರು ಗೆದ್ದಿತು. ಕುಣಿದಾಡಬೇಕಾದಲ್ಲಿ ಮೊದಲನೆಯವನು ಟೊಪ್ಪಿಗೆಯನ್ನು ನೆಲಕ್ಕೆ ಬಡಿದು, ನನ್ನ ಹತ್ತನೆಯದನ್ನು ನೀನು ಕದ್ದೆ ಎಂದನಂತೆ. ಹುಡುಗರ ಜಗಳ ಹುಡುಗರಲ್ಲಿಯೇ ಮುಗಿದಿದ್ದರೆ ಚೆಂದವಿತ್ತು. ಅದು ಮನೆಗೆ ಹೋಯಿತು, ಮನೆಯಿಂದ ಕಾಲುವೆಗೆ ಹೋಯಿತು. ಎರಡು ಮನೆಗಳಿಗೂ ಒಂದೇ ತೂಬಿನ ನೀರು. ರಾತ್ರಿ ನೀರು ಬಂದಾಗ ಒಬ್ಬರು ಮತ್ತೊಬ್ಬರನ್ನು ಎಬ್ಬಿಸುವುದು ಅಜ್ಜಂದಿರ ಕಾಲದಿಂದ ನಡೆದು ಬಂದ ಪದ್ಧತಿ. ಕಳೆದ ವಾರ ಎಬ್ಬಿಸಲಿಲ್ಲ. ಒಬ್ಬರ ಮಡಿ ತುಂಬಿತು, ಒಬ್ಬರ ಮಡಿ ಒಣಗಿತು.

2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿ ಹೋದಾಗ ಇದೇ ಎರಡು ಮನೆಯ ಯಜಮಾನರು ಈ ಮಠದ ಕಟ್ಟೆಯ ಮೇಲೆ ಜೊತೆಯಾಗಿ ಕುಳಿತು ಚಿಂತೆ ಮಾಡಿದ್ದನ್ನು ನಾವು ಕಂಡಿದ್ದೇವೆ. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟು ಕೂಡ್ರಿಸಿದ ಸುದ್ದಿ ಬಂದಾಗ ಇಬ್ಬರೂ ಕೂಡಿಯೇ ಕಾಯಿ ಒಡೆಸಿದರು. ಅಣೆಕಟ್ಟಿನ ಗೇಟು ಹೋದಾಗ ಕೆಡದ ಸ್ನೇಹ ಒಂದು ವಿಕೆಟ್ಟಿನಿಂದ ಕೆಟ್ಟಿತು ನೋಡಿರಿ.

ಮೊದಲನೆಯ ಹುಡುಗನ ಕಡೆಯವರು ನಮ್ಮ ಬಳಿಗೆ ಬಂದರು. ಬರಿಗೈಯಲ್ಲಿ ಬರಲಿಲ್ಲ, ಮೊಬೈಲಿನಲ್ಲಿ ಒಂದು ದೃಷ್ಟಾಂತವನ್ನು ತಂದಿದ್ದರು. ‘ಬುದ್ಧಿ, ಅನಿಲ್ ಕುಂಬ್ಳೆಗೆ ಹತ್ತನೆಯ ವಿಕೆಟ್ಟು ಸಿಗಲೆಂದು ಶ್ರೀನಾಥ್ ಬಿಟ್ಟುಕೊಡಲಿಲ್ಲವೇ? ಇವನಿಗೆ ಒಂದು ಓವರು ಬಿಟ್ಟುಕೊಡಲು ಏನಾಗಿತ್ತು?’ ಎಂದರು. ಪ್ರಮಾಣ ತೋರಿಸಿ ವಾದ ಮಾಡುವವರ ಮೇಲೆ ನಮಗೆ ಮೊದಲಿನಿಂದಲೂ ಪ್ರೀತಿ ಹೆಚ್ಚು. ಪಾಠಶಾಲೆಯಲ್ಲಿ ಕಲಿತದ್ದೇ ಅದು: ಪೂರ್ವಪಕ್ಷವನ್ನು ಅವಮಾನಿಸದೆ ಪೂರ್ಣವಾಗಿ ಕೇಳಬೇಕು. ಆದ್ದರಿಂದ ಆ ದೃಷ್ಟಾಂತವನ್ನೇ ಇಂದು ಬಿಡಿಸಿ ನೋಡೋಣ.

1999ನೆಯ ಇಸವಿ ಫೆಬ್ರುವರಿ 7, ಭಾನುವಾರ. ನಾವು ಆಗ ಇನ್ನೂ ಪಟ್ಟಕ್ಕೆ ಬಂದಿರಲಿಲ್ಲ. ವಟುಗಳಿಗೆ ವ್ಯಾಕರಣ ಪಾಠ ಹೇಳುತ್ತಿದ್ದೆವು. ಮಧ್ಯಾಹ್ನದ ಪಾಠಕ್ಕೆ ಒಬ್ಬ ವಟುವೂ ಬರಲಿಲ್ಲ. ಹುಡುಕುತ್ತ ಹೋದರೆ ಎಲ್ಲರೂ ನೆರೆಮನೆಯ ಟಿ.ವಿ. ಮುಂದೆ ಕುಳಿತಿದ್ದರು. ಬೈಯಲು ಹೋದ ನಾವು ಬಾಗಿಲಲ್ಲಿಯೇ ನಿಂತೆವು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇವೆ.

ದಿಲ್ಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಪಾಕಿಸ್ತಾನದವರಿಗೆ ಗೆಲ್ಲಲು 420 ರನ್ನು ಬೇಕು. ಮೊದಲ ಜೋಡಿಯೇ 101 ರನ್ನು ಕೂಡಿಸಿತು. ಊಟದ ತನಕ ಒಂದೂ ವಿಕೆಟ್ಟಿಲ್ಲ. ಊಟದ ತರುವಾಯ ಕುಂಬ್ಳೆಯವರು ಎಸೆಯುವ ತುದಿಯನ್ನು ಬದಲಿಸಿದರು. ಆ ಮೇಲೆ ಒಬ್ಬರ ಹಿಂದೆ ಒಬ್ಬರು ಹೊರಟರು; ಅಷ್ಟೂ ಕುಂಬ್ಳೆಯವರ ಚೆಂಡಿಗೇ. 207ಕ್ಕೆ ಆಟ ಮುಗಿಯಿತು. 26.3 ಓವರು, 74 ರನ್ನು, 10 ವಿಕೆಟ್ಟು. ಈ ಕುಂಬ್ಳೆ ಎಂಬ ಹೆಸರು ಕಾಸರಗೋಡು ಸೀಮೆಯ ಕುಂಬಳೆ ಎಂಬ ಊರಿನಿಂದ ಬಂದದ್ದು. ಗಡಿಯಾಚೆಗಿನ ಕನ್ನಡ ಊರೊಂದರ ಹೆಸರು ಹೀಗೆ ಜಗತ್ತಿನ ಬಾಯಲ್ಲಿ ಆಡಿತು.

ಇದನ್ನು ಯಾರೂ ಮುರಿಯಲಾಗದ ದಾಖಲೆ ಎನ್ನುತ್ತಾರೆ. ಅದು ನಿಜವೇ. ದಾಖಲೆಗಳಲ್ಲಿ ಅನೇಕ ಬಗೆಗಳಿವೆ. ಕೆಲವು ಇಂದಲ್ಲ ನಾಳೆ ಮುರಿಯುವಂಥವು. ನಮ್ಮ ರಾಹುಲ್ ದ್ರಾವಿಡರು ಟೆಸ್ಟ್ ಪಂದ್ಯಗಳಲ್ಲಿ 210 ಕ್ಯಾಚು ಹಿಡಿದಿದ್ದರು. 2025ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ಜೋ ರೂಟ್ ಲಾರ್ಡ್ಸ್ ಮೈದಾನದಲ್ಲಿ ಅದನ್ನು ದಾಟಿದರು. ವಿಚಿತ್ರವೆಂದರೆ ಹಾಗೆ ದಾಟುವಾಗ ಅವರ ಕೈಗೆ ಸಿಕ್ಕವರು ನಮ್ಮ ಬೆಂಗಳೂರಿನಲ್ಲಿಯೇ ಬೆಳೆದ ಕರುಣ್ ನಾಯರ್! ಕೆಲವು ದಾಖಲೆಗಳು ಮುರಿಯುವುದು ಬಹು ಕಠಿಣ. ಅದೇ ದ್ರಾವಿಡರು ಟೆಸ್ಟಿನಲ್ಲಿ ಎದುರಿಸಿದ ಚೆಂಡುಗಳು 31,258. ಅಷ್ಟು ಸಲ ಎದುರಿಗೆ ಬಂದದ್ದನ್ನು ಕಣ್ಣಿಟ್ಟು ನೋಡುವುದೆಂದರೆ ಅದೊಂದು ಅನುಷ್ಠಾನವೇ ಸರಿ. ಈಗಿನ ಅವಸರದ ಆಟದಲ್ಲಿ ಅದಕ್ಕೆ ಕೂಡ್ರುವವರು ಕಡಿಮೆ. ಇನ್ನು ಆಸ್ಟ್ರೇಲಿಯಾದ ಬ್ರಾಡ್ಮನ್. 1948ರಲ್ಲಿ ಓವಲ್ ಮೈದಾನದಲ್ಲಿ ಕಡೆಯ ಸಲ ಆಡಲು ಬಂದಾಗ ನಾಲ್ಕು ರನ್ನು ಹೊಡೆದಿದ್ದರೆ ಸರಾಸರಿ ನೂರಾಗುತ್ತಿತ್ತು. ಎರಡನೆಯ ಚೆಂಡಿಗೆ ಶೂನ್ಯಕ್ಕೆ ಔಟಾದರು. 99.94 ಎಂದು ನಿಂತುಬಿಟ್ಟಿತು. ನೂರಾಗಿದ್ದರೆ ಅದನ್ನು ಜನ ಇಷ್ಟು ನೆನೆಯುತ್ತಿದ್ದರೋ ಇಲ್ಲವೋ. ಆ ಶೂನ್ಯವೇ ಅದಕ್ಕೆ ಕಳೆ ತಂದಿತು.

ಆದರೆ ಹತ್ತು ವಿಕೆಟ್ಟಿನ ದಾಖಲೆಯ ಜಾತಿಯೇ ಬೇರೆ. ಅದನ್ನು ಸರಿಗಟ್ಟಬಹುದು, ಮೀರಲಾಗದು. ಹನ್ನೊಂದು ಜನ ಆಡುತ್ತಾರೆ, ಹತ್ತು ಜನ ಔಟಾದರೆ ಹನ್ನೊಂದನೆಯವನಿಗೆ ಜೊತೆಯಿಲ್ಲದೆ ಆಟ ನಿಲ್ಲುತ್ತದೆ. ದಿಲ್ಲಿಯಲ್ಲಿ ಹಾಗೆ ಉಳಿದವರು ವಕಾರ್ ಯೂನಿಸ್. ಸೋಲದೆ ಉಳಿದರೂ ಒಬ್ಬಂಟಿಯಾಗಿ ಆಡಲು ಬರುವುದಿಲ್ಲ. ಈ ನಿಯಮ ಮಾಡಿದವರು ಯಾರೋ, ಅವರಿಗೆ ಸಂಸಾರದ ಅನುಭವ ಚೆನ್ನಾಗಿ ಇದ್ದಿರಬೇಕು.

ಈಗ ಶ್ರೀನಾಥರ ಸಂಗತಿಗೆ ಬರೋಣ. ಒಂಬತ್ತು ಬಿದ್ದಾಗ ಇನ್ನೊಂದು ತುದಿಯಿಂದ ಎಸೆಯುವ ಸರದಿ ಮೈಸೂರಿನ ಜಾವಗಲ್ ಶ್ರೀನಾಥರದು. ವೇಗದಲ್ಲಿ ಅವರಿಗೆ ಸರಿಸಮನಾದವರು ಆಗ ನಮ್ಮ ದೇಶದಲ್ಲಿ ಇರಲಿಲ್ಲ. ಮನಸ್ಸು ಮಾಡಿದ್ದರೆ ಗೂಟ ಕೀಳಬಹುದಾಗಿತ್ತು. ಅವರು ಬ್ಯಾಟಿಗೆ ಸಿಗದಷ್ಟು ಹೊರಗೆ ಎಸೆದರು, ವೈಡುಗಳನ್ನೂ ಎಸೆದರು. ಮುಂದಿನ ಓವರಿನಲ್ಲಿ ವಸೀಂ ಅಕ್ರಂ ಹೊಡೆದದ್ದು ಹತ್ತಿರದಲ್ಲಿಯೇ ನಿಂತಿದ್ದ ಲಕ್ಷ್ಮಣರ ಕೈಗೆ ಹೋಯಿತು; ಕುಂಬ್ಳೆಯವರಿಗೆ ಹತ್ತು ಪೂರ್ತಿಯಾಯಿತು.

ಆ ದಿನ ಬಾಗಿಲಲ್ಲಿ ನಿಂತ ನಮಗೆ ಕುಂಬ್ಳೆಯವರಿಗಿಂತ ಶ್ರೀನಾಥರೇ ದೊಡ್ಡವರಾಗಿ ಕಂಡರು. ಅದೇ ತಿಂಗಳು ಕಲಕತ್ತೆಯಲ್ಲಿ ಅದೇ ಪಾಕಿಸ್ತಾನದ ಮೇಲೆ ಶ್ರೀನಾಥರು ಒಂದೇ ಇನ್ನಿಂಗ್ಸಿನಲ್ಲಿ ಎಂಟು, ಪಂದ್ಯದಲ್ಲಿ ಒಟ್ಟು ಹದಿಮೂರು ವಿಕೆಟ್ಟು ಪಡೆದರು. ಆದರೂ ನಮ್ಮವರು ಆ ಪಂದ್ಯವನ್ನು ಸೋತರು. ಬಿಟ್ಟುಕೊಟ್ಟದ್ದು ಅಸಮರ್ಥನಾಗಿ ಅಲ್ಲವೆಂಬುದಕ್ಕೆ ಅದಕ್ಕಿಂತ ಬೇರೆ ಪ್ರಮಾಣ ಬೇಡ.

ಹಾಗಾದರೆ ಪೂರ್ವಪಕ್ಷವೇ ಗೆದ್ದಿತಲ್ಲ ಎನ್ನುವಿರಿ. ತಡೆಯಿರಿ. ಇನ್ನೊಂದು ದೃಷ್ಟಾಂತವಿದೆ.

ಕುಂಬ್ಳೆಯವರಿಗಿಂತ ಮೊದಲು ಟೆಸ್ಟಿನಲ್ಲಿ ಹತ್ತಕ್ಕೆ ಹತ್ತು ಪಡೆದವರು ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ. 1956ರ ಜುಲೈ, ಮ್ಯಾಂಚೆಸ್ಟರ್ ನಗರ. ಮೊದಲ ಸರದಿಯಲ್ಲಿ ಒಂಬತ್ತು, ಎರಡನೆಯ ಸರದಿಯಲ್ಲಿ ಹತ್ತು. ಇಪ್ಪತ್ತರಲ್ಲಿ ಹತ್ತೊಂಬತ್ತು ಅವರದೇ. ಉಳಿದ ಆ ಒಂದನ್ನು ಪಡೆದವರು ಟೋನಿ ಲಾಕ್. ಈ ಲಾಕ್ ಏನು ಸಣ್ಣವರಲ್ಲ, ಜಾಣ ಬೌಲರು. ಆ ಪಂದ್ಯದಲ್ಲಿ ಲೇಕರ್ ಹಾಕಿದ್ದು 68 ಓವರು, ಲಾಕ್ ಹಾಕಿದ್ದು 69. ಅದೇ ನೆಲ, ಅದೇ ಎದುರಾಳಿ. ಒಬ್ಬರಿಗೆ ಹತ್ತೊಂಬತ್ತು, ಒಬ್ಬರಿಗೆ ಒಂದು! ಎರಡನೆಯ ಸರದಿಯ 55 ಓವರುಗಳಲ್ಲಿ ಲಾಕ್‌ಗೆ ಏನೂ ಸಿಗಲಿಲ್ಲ. ಅಷ್ಟು ಓವರುಗಳನ್ನು ಬಿಗಿಯಾಗಿ ಹಾಕಿ ಅವರು ಒಂದು ತುದಿಯನ್ನು ಕಟ್ಟಿ ನಿಲ್ಲಿಸದಿದ್ದರೆ ಇನ್ನೊಂದು ತುದಿಯಲ್ಲಿ ಲೇಕರ್ ಆಟ ಹಾಗೆ ನಡೆಯುತ್ತಿತ್ತೇ? ಲಾಕ್‌ಗೆ ಎಷ್ಟು ಸಂಕಟವಾಗಿರಬೇಕೆಂದು ನಾವು ಅನೇಕ ಸಲ ಯೋಚಿಸಿದ್ದೇವೆ. ದಾಖಲೆಯ ಪುಸ್ತಕದಲ್ಲಿ ಆ ಸಂಕಟಕ್ಕೆ ಕಾಲಮ್ಮಿಲ್ಲ.

ಮೂರನೆಯವರು ಎಜಾಜ್ ಪಟೇಲ್. ಮುಂಬಯಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ನ್ಯೂಜಿಲೆಂಡಿಗೆ ಹೋದವರು. 2021ರ ಡಿಸೆಂಬರಿನಲ್ಲಿ ಹುಟ್ಟಿದ ಊರಿಗೇ ಬಂದು ಭಾರತದ ಹತ್ತೂ ಜನರನ್ನು ಔಟು ಮಾಡಿದರು. ಫಲವೇನು? ಅವರ ತಂಡ 372 ರನ್ನುಗಳಿಂದ ಸೋತಿತು. ಮೀರಲಾಗದ ದಾಖಲೆ ಕೈಯಲ್ಲಿದೆ, ಪಂದ್ಯ ಕೈಯಲ್ಲಿಲ್ಲ.

ಈಗ ಮೂರನ್ನೂ ಕೂಡಿಸಿ ನಮ್ಮ ಗದ್ದೆಯ ಆಟಕ್ಕೆ ಬರೋಣ. ಶ್ರೀನಾಥರು ಬಿಟ್ಟುಕೊಟ್ಟಾಗ ಎದುರಾಳಿಗಳಿಗೆ ಇನ್ನೂ ಇನ್ನೂರಕ್ಕೆ ಮೇಲ್ಪಟ್ಟು ರನ್ನು ಬೇಕಾಗಿತ್ತು. ಗೆಲುವು ಗಂಟಿನಲ್ಲಿ ಇತ್ತು; ಅವರು ಬಿಟ್ಟುಕೊಟ್ಟದ್ದು ತಮ್ಮ ಪಾಲನ್ನೇ ಹೊರತು ತಂಡದ ಪಾಲನ್ನಲ್ಲ. ನಮ್ಮಲ್ಲಿ ಬೇಕಾಗಿದ್ದದ್ದು ಐದು ರನ್ನು. ಒಂದು ವೈಡು, ಒಂದು ಬೌಂಡರಿ, ಮುಗಿಯಿತು. ಆಗ ಆ ಹುಡುಗ ಬೇಕೆಂದು ಹೊರಗೆ ಎಸೆದಿದ್ದರೆ ಅದು ತ್ಯಾಗವಾಗುತ್ತಿರಲಿಲ್ಲ. ಉಳಿದ ಒಂಬತ್ತು ಜನರ ಬೆವರನ್ನು ಅವರನ್ನು ಕೇಳದೆ ದಾನ ಮಾಡಿದಂತಾಗುತ್ತಿತ್ತು. ತನ್ನದಲ್ಲದ್ದನ್ನು ದಾನ ಮಾಡಲು ಯಾರಿಗೂ ಅಧಿಕಾರವಿಲ್ಲ. ಆದಕಾರಣ ನೇರವಾಗಿ ಎಸೆದ ಹುಡುಗ ಸರಿಯಾದದ್ದನ್ನೇ ಮಾಡಿದ್ದಾನೆ. ಇದು ನಮ್ಮ ನಿರ್ಣಯ. ಇದನ್ನು ಕೇಳಿ ಒಂದು ಮನೆಯವರಿಗೆ ನೋವಾಗಬಹುದು, ನೋವಾಗಲೆಂದು ಹೇಳಿದ್ದಲ್ಲ.

ಹಾಗೆಂದು ಇನ್ನೊಂದು ಮನೆಯವರು ಮೀಸೆ ತಿರುವಬೇಡಿರಿ. ರಾತ್ರಿ ನೀರು ಬಂದಾಗ ಎಬ್ಬಿಸದೆ ಮಲಗಿದವರು ನೀವು. ಅವರು ಬೈದರು, ಅದಕ್ಕೆ ಎಬ್ಬಿಸಲಿಲ್ಲ ಎಂದು ನಮ್ಮ ಮುಂದೆ ಹೇಳಿದಿರಿ. ಬೈದವನು ಇಪ್ಪತ್ತು ವರ್ಷದ ಹುಡುಗ, ಒಣಗಿದ್ದು ಅವನ ಅಜ್ಜಿ ಕಟ್ಟಿದ ಮಡಿ. ಆ ಲೆಕ್ಕ ಎಲ್ಲಿಗೆ ಸರಿಹೋಯಿತು?

ಒಂಬತ್ತು ವಿಕೆಟ್ಟು ತೆಗೆದ ಹುಡುಗನಿಗೂ ಒಂದು ಮಾತು ಹೇಳಬೇಕು. ಅಪ್ಪಾ, ನಿನ್ನ ದುಃಖ ಸುಳ್ಳಲ್ಲ. ಗೇಣು ದೂರದಲ್ಲಿ ತಪ್ಪಿದ್ದು ಮಾರು ದೂರದಲ್ಲಿ ತಪ್ಪಿದ್ದಕ್ಕಿಂತ ಹೆಚ್ಚು ಸುಡುತ್ತದೆ. ಸಂಸ್ಕೃತದಲ್ಲಿ ಕ್ರೀಡೆ, ಸ್ಪರ್ಧೆ ಎಂಬ ಎರಡು ಶಬ್ದಗಳಿವೆ. ಕ್ರೀಡೆಯ ಧಾತುವಿಗೆ ವಿಹಾರವೆಂದು ಅರ್ಥ, ಸ್ಪರ್ಧೆಯ ಧಾತುವಿಗೆ ಸಂಘರ್ಷವೆಂದು ಅರ್ಥ. ನಾವು ಎರಡನ್ನೂ ಕೂಡಿಸಿ ಕ್ರೀಡಾಸ್ಪರ್ಧೆ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸುತ್ತೇವೆ. ಬೆಳಿಗ್ಗೆ ಮೊದಲನೆಯದಾಗಿ ಆರಂಭವಾದದ್ದು ಸಂಜೆಗೆ ಎರಡನೆಯದಾಗಿ ಮುಗಿಯುತ್ತದೆ. ತಪ್ಪು ನಿನ್ನೊಬ್ಬನದೇ ಅಲ್ಲ. ಆ ಕರಪತ್ರಕ್ಕೆ ಆಶೀರ್ವಾದ ಬರೆದುಕೊಟ್ಟವರು ನಾವೇ.

2020ರಲ್ಲಿ ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ ಎಂಬ ತರುಣ ಕೋಣಗಳ ಜೊತೆ ಕೆಸರಿನಲ್ಲಿ 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ. ಅದನ್ನು ನೂರು ಮೀಟರಿಗೆ ಭಾಗಿಸಿ, ಉಸೇನ್ ಬೋಲ್ಟನ 9.58 ಸೆಕೆಂಡಿನ ವಿಶ್ವದಾಖಲೆಯನ್ನೇ ಮೀರಿದನೆಂದು ದೇಶವೆಲ್ಲ ಕೂಗಿತು. ಅದು ಸರಿಯಾದ ಗಣಿತವಲ್ಲ; ಎಳೆಯುವ ಕೋಣ ಬೋಲ್ಟನ ಮುಂದೆ ಇರಲಿಲ್ಲ. ಆದರೆ ನಮಗೆ ಸೇರಿದ್ದು ಆ ತರುಣನ ಉತ್ತರ. ಅದರಲ್ಲಿ ಕೋಣಗಳ ಪಾಲೂ ಇದೆ, ಬೋಲ್ಟನೊಡನೆ ನನ್ನನ್ನು ಹೋಲಿಸಬೇಡಿರಿ ಎಂಬ ಅರ್ಥದಲ್ಲಿ ಅವನು ಹೇಳಿದ. ಕೋಣಕ್ಕೆ ಪಾಲು ಕೊಟ್ಟವನು ಅವನು. ನೀನು ಗೆಳೆಯನಿಗೆ ಒಂದು ವಿಕೆಟ್ಟು ಕೊಡಲಾರೆಯಾ?

ಇನ್ನು ಹೆಚ್ಚು ಮಾತು ಬೇಡ, ಅಡಿಗೆಮನೆಯಿಂದ ಎರಡು ಸಲ ಕರೆ ಬಂದಿದೆ. ಇಂದಿನ ಪ್ರಸಾದದಲ್ಲಿ ನೀಡುವ ಕೆಲಸ ಈ ಇಬ್ಬರು ಹುಡುಗರದು. ಒಬ್ಬನು ಅನ್ನದ ಬುಟ್ಟಿ ಹಿಡಿಯಲಿ, ಒಬ್ಬನು ಸಾರಿನ ಬಕೀಟು ಹಿಡಿಯಲಿ. ಮುಂದೆ ಅನ್ನ, ಹಿಂದೆಯೇ ಸಾರು ಬರಬೇಕು, ನಡುವೆ ಅಂತರ ಬೀಳಬಾರದು. ದೊಡ್ಡವರಿಬ್ಬರು ನಮ್ಮ ಎದುರಿನ ಪಂಕ್ತಿಯಲ್ಲಿ ಒಂದೇ ಚಾಪೆಯ ಮೇಲೆ ಕೂಡ್ರಿರಿ. ನಾಡದು ರಾತ್ರಿ ತೂಬಿಗೆ ನೀರು ಬರುತ್ತದೆಂದು ಕೇಳಿದ್ದೇವೆ. ಯಾರು ಯಾರನ್ನು ಎಬ್ಬಿಸಿದರೆಂದು ಬೆಳಿಗ್ಗೆ ಪೂಜೆಯ ಹೊತ್ತಿಗೆ ನಮಗೆ ಬಂದು ತಿಳಿಸಬೇಕು.