ತಿಮಿಂಗಿಲದ ಬಳಿಗೆ ಹೋಗುವ ಕ್ರಮ

(ಉಮ್ಮತ್ತೂರಿನಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಎದುರು ಮಾಡಿದ ಭಾಷಣದ ಲಿಖಿತ ರೂಪ)



ಕಡಲೇ ಇಲ್ಲದ ಉಮ್ಮತ್ತೂರಿನಲ್ಲಿ ತಿಮಿಂಗಿಲದ ಮಾತೇಕೆ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಈ ಊರಿನ ಸುತ್ತ ಇರುವುದು ಕುರುಚಲು ಗುಡ್ಡ, ಹುಲ್ಲುಗಾವಲು ಮತ್ತು ಮಳೆಯನ್ನೇ ನಂಬಿದ ಹೊಲ. ವಿಜಯನಗರದ ಕೃಷ್ಣದೇವರಾಯನೊಡನೆ ಸೆಣಸಿದ ಪಾಳೆಯಗಾರರ ಊರೆಂದು ಚರಿತ್ರೆಯಲ್ಲಿ ಹೆಸರಾಗಿದ್ದ ಉಮ್ಮತ್ತೂರು, ಈಗ ಕೃಷ್ಣಮೃಗ ಸಂರಕ್ಷಣಾ ಮೀಸಲಿನ ಕಾರಣದಿಂದ ಕ್ಯಾಮೆರಾ ಹಿಡಿದು ತಿರುಗುವವರಿಗೂ ಪರಿಚಿತವಾಗಿದೆ. ಇಲ್ಲಿಂದ ಕಡಲನ್ನು ಕಾಣಬೇಕಾದರೆ ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಿ, ಸುಲ್ತಾನ್ ಬತ್ತೇರಿಯ ಮಾರ್ಗವಾಗಿ ವಯನಾಡಿನ ಘಟ್ಟವನ್ನಿಳಿದು ಕೋಳಿಕ್ಕೋಡನ್ನು ಸೇರಬೇಕು.

ಆ ಕಡಲಿನಲ್ಲಿ ಒಂದು ತಿಮಿಂಗಿಲ ಹಾದುಹೋದ ಕಥೆಯಿಂದ ಈ ವಿಚಾರವನ್ನು ಆರಂಭಿಸಬಹುದು. 2017ರ ನವೆಂಬರಿನಲ್ಲಿ ಒಮಾನ್ ದೇಶದ ಮಸೀರಾ ಕೊಲ್ಲಿಯಲ್ಲಿ ವಿಜ್ಞಾನಿಗಳು ಒಂದು ಹೆಣ್ಣು ಗೂನು ತಿಮಿಂಗಿಲದ ಬೆನ್ನಿಗೆ ಉಪಗ್ರಹಕ್ಕೆ ಸಂಕೇತ ಕಳುಹಿಸುವ ಸಣ್ಣ ಉಪಕರಣವನ್ನು ಅಳವಡಿಸಿದರು. ಅದಕ್ಕೆ ಅವರಿಟ್ಟಿದ್ದ ಹೆಸರು ಲುಬಾನ್. ಅರಬ್ಬಿಯಲ್ಲಿ ಧೂಪದ ಮರವೆಂದು ಅರ್ಥ. ಆ ತಿಮಿಂಗಿಲ ಅರಬ್ಬೀ ಸಮುದ್ರವನ್ನು ಅಡ್ಡಲಾಗಿ ದಾಟಿ ಡಿಸೆಂಬರಿನಲ್ಲಿ ಗೋವೆಯ ಕಡೆಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಕನ್ಯಾಕುಮಾರಿಯವರೆಗೆ ಸಾಗಿತು. ಅಂದರೆ ಕರ್ನಾಟಕ, ಕೇರಳಗಳ ಕರಾವಳಿಯನ್ನು ಬಲ್ಲ ಜೀವಿ ಅದು. ಬೇರೆಡೆಯ ಗೂನು ತಿಮಿಂಗಿಲಗಳು ಆಹಾರಕ್ಕಾಗಿ ಧ್ರುವಪ್ರದೇಶದ ತಣ್ಣೀರಿಗೆ ಹೋಗಿ, ಮರಿ ಹಾಕಲು ಬೆಚ್ಚನೆಯ ನೀರಿಗೆ ಮರಳುತ್ತವೆ. ಅರಬ್ಬೀ ಸಮುದ್ರದವು ಮಾತ್ರ ವರ್ಷವಿಡೀ ಇಲ್ಲಿಯೇ ಉಳಿಯುತ್ತವೆ. ಮುಂಗಾರಿನ ಗಾಳಿ ಕಡಲಿನ ತಳದಿಂದ ಮೇಲೆಬ್ಬಿಸುವ ಪೋಷಕಾಂಶಗಳಿಂದ ಹುಟ್ಟುವ ಮೀನೇ ಅವುಗಳಿಗೆ ಸಾಕು. ಈ ಹೊಲಗಳಿಗೆ ಮಳೆ ತರುವ ಗಾಳಿಯೇ ಅವುಗಳಿಗೂ ಅನ್ನ ನೀಡುತ್ತದೆ.

ಇವುಗಳ ಸಂಖ್ಯೆ ಅತ್ಯಲ್ಪ. ಒಮಾನಿನ ಕರಾವಳಿಯಲ್ಲಿ ನಡೆದ ಎಣಿಕೆ ನೂರಕ್ಕೂ ಕಡಿಮೆಯೆಂದು ಅಂದಾಜಿಸಿದೆ. 1960ರ ದಶಕದ ಮಧ್ಯಭಾಗದಲ್ಲಿ ಸೋವಿಯತ್ ಹಡಗುಗಳು ನಿಯಮಗಳನ್ನು ಗಾಳಿಗೆ ತೂರಿ ಅರಬ್ಬೀ ಸಮುದ್ರದಲ್ಲಿ 242 ಗೂನು ತಿಮಿಂಗಿಲಗಳನ್ನು ಕೊಂದವು. ಆ ಗಾಯದಿಂದ ಈ ಕುಲ ಇನ್ನೂ ಚೇತರಿಸಿಕೊಂಡಿಲ್ಲ.

ಕಡಲೊಳಗಿನ ಪ್ರಾಣಿಯನ್ನು ಎಣಿಸುವುದು ಹೇಗೆ ಎಂಬ ಕುತೂಹಲ ವಿದ್ಯಾರ್ಥಿಗಳಿಗೆ ಸಹಜ. ಛಾಯಾಚಿತ್ರದಿಂದ. ಗೂನು ತಿಮಿಂಗಿಲ ಆಳಕ್ಕೆ ಮುಳುಗುವಾಗ ಬಾಲವನ್ನು ನೀರಿನ ಮೇಲಕ್ಕೆತ್ತುತ್ತದೆ. ಬಾಲದ ಅಡಿಭಾಗದ ಕಪ್ಪು-ಬಿಳುಪು ಗುರುತುಗಳು ಒಂದರಂತೆ ಇನ್ನೊಂದಕ್ಕಿರುವುದಿಲ್ಲ. ಹುಲಿಯ ಪಟ್ಟೆಗಳನ್ನು ನೋಡಿ ಒಂದೊಂದು ಹುಲಿಯನ್ನೂ ಗುರುತಿಸುವ ವಿಧಾನವನ್ನು ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಬಳಸಿದ್ದು ಈ ಭಾಗದವರಿಗೆ ತಿಳಿದ ಸಂಗತಿ. ತಿಮಿಂಗಿಲದ ವಿಷಯದಲ್ಲಿಯೂ ತತ್ತ್ವ ಅದೇ. ಪ್ರವಾಸಿಗರು ತೆಗೆದ ಬಾಲದ ಚಿತ್ರಗಳೂ ವಿಜ್ಞಾನಿಗಳ ಸಂಗ್ರಹವನ್ನು ಸೇರಿ ಉಪಯುಕ್ತವಾಗಿವೆ. ಇಂತಹ ಚಿತ್ರವನ್ನು ದೋಣಿಯಲ್ಲಿ ಕುಳಿತು 100 ಮೀಟರು ದೂರದಿಂದಲೇ ತೆಗೆಯಬಹುದು. ಕ್ಯಾಮೆರಾ ಶತ್ರುವಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ತೊಡಕು ಆರಂಭವಾಗುವುದು ನೀರಿಗೆ ಇಳಿದಾಗ. ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಉಸಿರಾಟದ ಕೊಳವೆ, ಕಾಲಿಗೆ ರಬ್ಬರಿನ ಈಜುರೆಕ್ಕೆ ಧರಿಸಿ ಮೇಲ್ಮೈಯಲ್ಲಿ ತೇಲುತ್ತ ಕೆಳಗೆ ನೋಡುವ ಕ್ರಮಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರೆ. ನೆಲದ ಮೇಲೆ ದೂರದ ಪ್ರಾಣಿಯನ್ನು ಹತ್ತಿರಕ್ಕೆ ತರುವ ಉದ್ದನೆಯ ಮಸೂರಗಳು ನೀರಿನೊಳಗೆ ನಿರುಪಯುಕ್ತ. ನೀರು ಬೆಳಕನ್ನು ನುಂಗುತ್ತದೆ. ಮೊದಲು ಕೆಂಪು ಬಣ್ಣ ಮಾಯವಾಗುತ್ತದೆ, ಅನಂತರ ಉಳಿದವು. ತೇಲುವ ಕಣಗಳು ಚಿತ್ರವನ್ನು ಮಂಜಾಗಿಸುತ್ತವೆ. ಆದುದರಿಂದ ಸ್ಪಷ್ಟ ಚಿತ್ರ ಬೇಕೆನ್ನುವವನು ಅಗಲ ನೋಟದ ಮಸೂರವನ್ನು ಹಾಕಿಕೊಂಡು ಕೆಲವೇ ಮೀಟರು ಅಂತರಕ್ಕೆ ಹೋಗಬೇಕಾಗುತ್ತದೆ. ಪತ್ರಿಕೆಗಳಲ್ಲಿ ಅಚ್ಚಾಗುವ ಬೆರಗಿನ ಚಿತ್ರಗಳ ಹಿಂದೆ ಈ ಸಾಮೀಪ್ಯವಿದೆ. ಆ ಸಾಮೀಪ್ಯವನ್ನು ತಿಮಿಂಗಿಲವೇ ನೀಡಿತೋ ಮನುಷ್ಯ ಕಸಿದುಕೊಂಡನೋ ಎಂಬುದನ್ನು ಚಿತ್ರ ಹೇಳುವುದಿಲ್ಲ.

ಕಸಿದುಕೊಂಡರೆ ಆಗುವ ನಷ್ಟವೇನು? ತಿಮಿಂಗಿಲ ಮೀನಲ್ಲ. ಹಸುವಿನಂತೆ ಮರಿ ಹಾಕಿ ಹಾಲೂಡಿಸುವ ಪ್ರಾಣಿ, ನೆತ್ತಿಯ ರಂಧ್ರದಿಂದ ಗಾಳಿಯನ್ನೇ ಉಸಿರಾಡುವ ಪ್ರಾಣಿ. ದಕ್ಷಿಣ ಶಾಂತಸಾಗರದ ಟೋಂಗಾ ದ್ವೀಪಗಳಿಗೆ ಜುಲೈನಿಂದ ಅಕ್ಟೋಬರಿನವರೆಗೆ ಗೂನು ತಿಮಿಂಗಿಲಗಳು ಅಂಟಾರ್ಕ್ಟಿಕಾದ ಕಡೆಯಿಂದ ಬಂದು ಮರಿ ಹಾಕುತ್ತವೆ. ತಾಯಿಯ ಉದ್ದ ಸುಮಾರು 14 ಮೀಟರು. ತೂಕದಲ್ಲಿ ಐದಾರು ಆನೆಗಳಿಗೆ ಸಮ. ಇಷ್ಟು ದೊಡ್ಡ ತಾಯಿ ಅಲ್ಲಿರುವ ವಾರಗಳಲ್ಲಿ ಬಹುಮಟ್ಟಿಗೆ ಉಪವಾಸವಿರುತ್ತಾಳೆ. ಹಿಂದಿನ ಋತುವಿನಲ್ಲಿ ಮೈಗೆ ಕೂಡಿಸಿಕೊಂಡ ಕೊಬ್ಬೇ ಹಾಲಾಗಿ ಮರಿಗೆ ಇಳಿಯಬೇಕು, ಅದೇ ಕೊಬ್ಬಿನಿಂದ ಮರಳಿ ಸಾವಿರಾರು ಕಿಲೋಮೀಟರು ಈಜಬೇಕು. ಮರಿಯೋ ತಾಯಿಯಂತೆ ದೀರ್ಘಕಾಲ ಉಸಿರು ಹಿಡಿಯಲಾರದು. ಕೆಲವೇ ನಿಮಿಷಗಳಿಗೊಮ್ಮೆ ಮೇಲೆ ಬಂದು ಗಾಳಿ ಕುಡಿದು ಮತ್ತೆ ತಾಯಿಯ ಗಲ್ಲದ ಕೆಳಗೆ ಸೇರಿಕೊಳ್ಳುತ್ತದೆ. ದೋಣಿಯೊಂದು ಅಟ್ಟಿಕೊಂಡು ಬಂದಾಗ ತಾಯಿ ಮರಿಯನ್ನು ಕರೆದುಕೊಂಡು ಮುಳುಗಿ ದೂರ ಸರಿಯುತ್ತಾಳೆ. ಹಾಗೆ ವ್ಯಯವಾದ ಕೊಬ್ಬು ಮತ್ತೆ ತುಂಬುವುದಿಲ್ಲ, ತಪ್ಪಿದ ಹಾಲು ಮರಿಗೆ ತಿರುಗಿ ದೊರೆಯುವುದಿಲ್ಲ. ಒಂದು ದೋಣಿಯಾದರೆ ತಾಯಿ ಸಹಿಸಿಯಾಳು. ಒಂದರ ಹಿಂದೆ ಒಂದರಂತೆ ದಿನವಿಡೀ ಬರುವ ದೋಣಿಗಳಲ್ಲಿ ಪ್ರತಿಯೊಬ್ಬನೂ ತಾನು ಸ್ವಲ್ಪವೇ ಹೊತ್ತು ಇದ್ದೆನೆಂದು ನಂಬಿರುತ್ತಾನೆ.

ಟೋಂಗಾದಲ್ಲಿ 1978ರಲ್ಲಿ ಅರಸನ ಆಜ್ಞೆಯಿಂದ ತಿಮಿಂಗಿಲ ಬೇಟೆ ನಿಂತಿತು. ಬೇಟೆ ನಿಂತ ಕಡಲಿನಲ್ಲಿ ಕಾಲಕ್ರಮೇಣ ತಿಮಿಂಗಿಲಗಳೊಂದಿಗೆ ಈಜುವ ಉದ್ಯಮ ಬೆಳೆಯಿತು. ಅದರೊಡನೆ ನಿಯಮಗಳೂ ಬಂದವು. ಪರವಾನಗಿ ಪಡೆದ ದೋಣಿಗಳಿಗೆ ಮಾತ್ರ ಅವಕಾಶ. ಒಮ್ಮೆಗೆ ನೀರಿಗಿಳಿಯುವವರು ನಾಲ್ವರು ಮತ್ತು ಒಬ್ಬ ಮಾರ್ಗದರ್ಶಿ. ಕಡಲನ್ನು ಬಲ್ಲ ಮಾರ್ಗದರ್ಶಿಗಳು ಪಾಲಿಸುವ ಪದ್ಧತಿ ಇದಕ್ಕಿಂತಲೂ ಸೂಕ್ಷ್ಮ. ಹಿಂದಿನಿಂದ ಹೋದರೆ ಅಟ್ಟಿದಂತೆ, ಮುಂದಿನಿಂದ ಹೋದರೆ ಅಡ್ಡಗಟ್ಟಿದಂತೆ. ಆದ್ದರಿಂದ ದೋಣಿ ಪಕ್ಕದಿಂದ ನಿಧಾನವಾಗಿ ಸಾಗಿ ದೂರದಲ್ಲಿಯೇ ನಿಲ್ಲಬೇಕು. ನೀರಿಗೆ ಧುಮುಕದೆ ಜಾರಿ ಇಳಿಯಬೇಕು, ಈಜುರೆಕ್ಕೆಯಿಂದ ನೀರನ್ನು ಬಡಿಯಕೂಡದು, ಎಲ್ಲರೂ ಒಂದೇ ಗುಂಪಾಗಿ ತೇಲಬೇಕು. ತಾಯಿ-ಮರಿಗಳ ನಡುವೆ ಹೋಗಲೇಕೂಡದು. ಕೆಳಗೆ ಮುಳುಗಿ ಮರಿಯ ಅಡಿಯಿಂದ ಚಿತ್ರ ತೆಗೆಯುವುದು, ಮಿಂಚುದೀಪ ಹೊಡೆಯುವುದು, ಮುಟ್ಟುವುದು ಸಲ್ಲದು. ಇಷ್ಟಾದ ಮೇಲೆ ಕಾಯಬೇಕು. ತಿಮಿಂಗಿಲ ತಾನಾಗಿ ಬಂದರೆ ಚಿತ್ರ, ತಿರುಗಿ ಹೋದರೆ ಚಿತ್ರವಿಲ್ಲ. ಬೆನ್ನು ತಿರುಗಿಸಿದ ಪ್ರಾಣಿಯ ಹಿಂದೆ ಎರಡನೆಯ ಸಲ ನೀರಿಗಿಳಿಯುವುದನ್ನು ಒಳ್ಳೆಯ ಮಾರ್ಗದರ್ಶಿ ಒಪ್ಪುವುದಿಲ್ಲ.

ಹವಾಯಿ ದ್ವೀಪಗಳಲ್ಲಿ ಇನ್ನೂ ಕಟ್ಟುನಿಟ್ಟು. ಗೂನು ತಿಮಿಂಗಿಲದಿಂದ 100 ಗಜ ದೂರವಿರಬೇಕೆಂಬ ನಿಯಮ ಅಲ್ಲಿದೆ. 2021ರಲ್ಲಿ ಅಲ್ಲಿಯ ಸ್ಪಿನ್ನರ್ ಡಾಲ್ಫಿನ್‌ಗಳ ಬಳಿ 50 ಗಜದೊಳಗೆ ಈಜುವುದನ್ನೂ ನಿಷೇಧಿಸಲಾಯಿತು. ಅವು ರಾತ್ರಿಯಿಡೀ ಆಳಕಡಲಿನಲ್ಲಿ ಬೇಟೆಯಾಡಿ ಹಗಲು ತೀರದ ಕೊಲ್ಲಿಗಳಿಗೆ ಬಂದು ನಿದ್ರಿಸುತ್ತವೆ. ಪ್ರವಾಸಿಗನಿಗೆ ಅದು ರಜೆಯ ಬೆಳಗು, ಡಾಲ್ಫಿನ್ನಿಗೆ ನಡುರಾತ್ರಿ. ಪ್ರೀತಿಯಿಂದಲೇ ನೂರಾರು ಜನ ಮಲಗುವ ಕೋಣೆಗೆ ನುಗ್ಗಿದಂತಾಗಿತ್ತು.

ಕರ್ನಾಟಕದಲ್ಲಿ ಸ್ನಾರ್ಕೆಲಿಂಗ್ ಎಂದೊಡನೆ ನೆನಪಾಗುವುದು ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪ. ತಾಳವಾಡಿಯ ಗಾಜನೂರಿನ ಮನೆತನಕ್ಕೆ ಸೇರಿದ ಪುನೀತ್ ರಾಜಕುಮಾರ್ ಅವರು ತಮ್ಮ ಕೊನೆಯ ಚಿತ್ರವಾದ, 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಅಲ್ಲಿಯ ನೀರಿನೊಳಗೆ ಇಳಿದದ್ದನ್ನು ಈ ಭಾಗದ ಅನೇಕರು ನೋಡಿದ್ದಾರೆ. ಅಲ್ಲಿ ಹವಳವಿದೆ, ಬಣ್ಣದ ಮೀನುಗಳಿವೆ. ಅಪರೂಪಕ್ಕೆ ತಿಮಿಂಗಿಲ ಶಾರ್ಕ್ ಕಾಣಿಸಿಕೊಂಡದ್ದುಂಟು. ಹೆಸರಿನಲ್ಲಿ ತಿಮಿಂಗಿಲವಿದ್ದರೂ ಅದು ಮೀನೇ, ಜಗತ್ತಿನ ಅತಿ ದೊಡ್ಡ ಮೀನು. ಕಾರವಾರದ ಸುತ್ತಲಿನ ಕಡಲಿನಲ್ಲಿ ಗೂನು ಡಾಲ್ಫಿನ್‌ಗಳಿವೆ. ಅವನ್ನು ತೋರಿಸಲು ಪ್ರವಾಸಿಗರನ್ನು ಕರೆದೊಯ್ಯುವ ದೋಣಿಗಳೂ ಇವೆ. ತಿಮಿಂಗಿಲ, ಡಾಲ್ಫಿನ್, ತಿಮಿಂಗಿಲ ಶಾರ್ಕ್ ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ಸೇರಿವೆ. ಕೃಷ್ಣಮೃಗವೂ ಅದೇ ಪಟ್ಟಿಯಲ್ಲಿದೆ.

ಆ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥವನ್ನು ವಿದ್ಯಾರ್ಥಿಗಳು ಒಮ್ಮೆ ಓದಿ ನೋಡಬೇಕು. ಕೊಲ್ಲುವುದಷ್ಟೇ ಬೇಟೆಯಲ್ಲ. ಕಾಡುಪ್ರಾಣಿಯನ್ನು ಅಟ್ಟುವುದು, ಆಮಿಷವೊಡ್ಡುವುದು, ಹಾಗೆ ಮಾಡಲು ಯತ್ನಿಸುವುದು ಕೂಡ ಆ ವ್ಯಾಖ್ಯೆಯೊಳಗೆ ಬರುತ್ತದೆ. ಓಡುವ ಕೃಷ್ಣಮೃಗದ ಚಿತ್ರ ಬೇಕೆಂದು ಹಿಂಡಿನ ಹಿಂದೆ ವಾಹನ ಓಡಿಸುವವನ ಕೈಯಲ್ಲಿ ಕೋವಿಯಿಲ್ಲದಿರಬಹುದು. ಆದರೂ ಅವನ ಕೃತ್ಯಕ್ಕೆ ಕಾಯ್ದೆಯಲ್ಲಿ ಹೆಸರಿದೆ.

ಕೃಷ್ಣಮೃಗ ವೇಗದ ಪ್ರಾಣಿ, ಓಡಿದರೆ ಅದಕ್ಕೇನಾಗುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ತಪ್ಪು ತಿಳಿವಳಿಕೆ. ಬೆದರಿ, ವಿರಾಮವಿಲ್ಲದೆ ಅಟ್ಟಿಸಿಕೊಂಡ ಜಿಂಕೆ, ಕೃಷ್ಣಮೃಗಗಳಲ್ಲಿ ಸ್ನಾಯುಗಳೇ ಹಾಳಾಗಿ, ಆ ಹೊತ್ತಿಗೆ ಪಾರಾದಂತೆ ಕಂಡರೂ ಕೆಲವು ಗಂಟೆಗಳ ಅಥವಾ ದಿನಗಳ ಬಳಿಕ ಸಾಯುವುದುಂಟೆಂದು ಪಶುವೈದ್ಯರು ಬಲ್ಲರು. ಬಿರುಬೇಸಗೆಯ ನಡುಹಗಲಿನಲ್ಲಿ ಈ ಅಪಾಯ ಇನ್ನೂ ಹೆಚ್ಚು. ಚಿತ್ರ ತೆಗೆದವನು ಅಷ್ಟರಲ್ಲಿ ಮೈಸೂರನ್ನೋ ಬೆಂಗಳೂರನ್ನೋ ಸೇರಿರುತ್ತಾನೆ. ಇನ್ನು ಮರಿಯ ವಿಷಯ. ಹುಟ್ಟಿದ ಮೊದಲ ದಿನಗಳಲ್ಲಿ ಕೃಷ್ಣಮೃಗದ ಮರಿ ತಾಯಿಯೊಡನೆ ಓಡುವುದಿಲ್ಲ. ಹುಲ್ಲಿನಲ್ಲಿ ಅಲುಗಾಡದೆ ಅಡಗಿ ಮಲಗಿರುತ್ತದೆ. ತಾಯಿ ದೂರದಲ್ಲಿ ಮೇಯುತ್ತಿದ್ದು ಹಾಲೂಡಿಸಲು ಮಾತ್ರ ಬಂದು ಹೋಗುತ್ತಾಳೆ. ಅಂತಹ ಮರಿಯನ್ನು ಕಂಡವರು ಅನಾಥವೆಂದು ಬಗೆದು ಎತ್ತಿಕೊಂಡು ಬರುವುದು ದಯೆಯಿಂದ ಆಗುವ ತಪ್ಪು. ಸುತ್ತ ನಿಂತು ಚಿತ್ರ ತೆಗೆಯುವುದಕ್ಕೆ ದಯೆಯ ಹೆಸರೂ ಸಲ್ಲದು.

ಕಡಲಿನ ಅನುಭವದಿಂದ ಉಮ್ಮತ್ತೂರು ಕಲಿಯಬಹುದಾದದ್ದು ಒಂದಿದೆ. ನೀರಿಗಿಳಿಯುವ ಪ್ರವಾಸಿಗನಿಗೆ ತಿಮಿಂಗಿಲದ ನಡತೆ ತಿಳಿದಿರುವುದಿಲ್ಲ. ಅವನು ದೂರದಿಂದ ಬಂದವನು, ಹಣ ತೆತ್ತವನು, ಒಂದೇ ದಿನದ ಅವಕಾಶವುಳ್ಳವನು. ಅಂತರವೆಷ್ಟೆಂದು ನಿಜಕ್ಕೂ ನಿರ್ಧರಿಸುವವನು ದೋಣಿಯ ಎಂಜಿನ್ನಿನ ಮೇಲೆ ಕೈಯಿಟ್ಟ ಸ್ಥಳೀಯ. ಇನ್ನೂ ಸ್ವಲ್ಪ ಹತ್ತಿರ ಹೋಗೆಂದು ಕೇಳಿದಾಗ ಅವನು ಒಪ್ಪಿದರೆ ಯಾವ ಕಾಯ್ದೆಯೂ ಅಲ್ಲಿಗೆ ತಲುಪುವುದಿಲ್ಲ. ಅವನೊಬ್ಬನೇ ನಿರಾಕರಿಸಿದರೆ ಪ್ರವಾಸಿಗ ಪಕ್ಕದ ದೋಣಿಗೆ ಹೋಗುತ್ತಾನೆ. ಎಲ್ಲ ದೋಣಿಯವರೂ ಒಂದೇ ಮಾತು ಆಡಿದಾಗ ಮಾತ್ರ ನಿಯಮ ನಿಲ್ಲುತ್ತದೆ. ಇಲ್ಲಿ ಹುಲ್ಲುಗಾವಲಿನ ದಾರಿ ತೋರಿಸುವವರು, ಬೈಕಿನಲ್ಲಿ ಮುಂದೆ ಹೋಗಿ ಹಿಂಡು ಎಲ್ಲಿದೆಯೆಂದು ಹೇಳುವವರು ಈ ಊರಿನ ಯುವಕರೇ ಆಗಿರುತ್ತಾರೆ. ನೂರೋ ಇನ್ನೂರೋ ರೂಪಾಯಿಯ ಆಸೆಯನ್ನು ಹೀಗಳೆಯುವುದು ಸುಲಭ. ಮಳೆ ಕೈಕೊಟ್ಟ ವರ್ಷದಲ್ಲಿ ಅದೂ ದುಡಿಮೆಯೇ. ಆ ದುಡಿಮೆ ಉಳಿಯಬೇಕಾದರೆ ಹಿಂಡೂ ಉಳಿಯಬೇಕು ಎಂಬ ಲೆಕ್ಕವನ್ನು ಅವರಿಗಿಂತ ಚೆನ್ನಾಗಿ ಬೇರೆಯವರು ಬಲ್ಲವರಲ್ಲ.

ಇದಕ್ಕೆ ಹೊಸ ಸಂಘವನ್ನೇನೂ ಕಟ್ಟಬೇಕಾಗಿಲ್ಲ. ಸಂರಕ್ಷಣಾ ಮೀಸಲಿಗೆ ನಿರ್ವಹಣಾ ಸಮಿತಿಯಿರಬೇಕೆಂದೂ, ಮೀಸಲು ಯಾವ ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯಲ್ಲಿದೆಯೋ ಆ ಪ್ರತಿಯೊಂದು ಪಂಚಾಯಿತಿಯ ಪ್ರತಿನಿಧಿಯೂ ಅದರಲ್ಲಿರಬೇಕೆಂದೂ ಕಾಯ್ದೆ ವಿಧಿಸಿದೆ. ಪಶುಪಾಲನೆ ಮತ್ತು ಕೃಷಿ ಇಲಾಖೆಗಳಿಗೂ ಅಲ್ಲಿ ಸ್ಥಾನವಿದೆ. ವಾಹನ ಎಲ್ಲಿ ನಿಲ್ಲಬೇಕು, ಒಂದು ಹಿಂಡಿನ ಎದುರು ಎಷ್ಟು ಜನ ಎಷ್ಟು ಹೊತ್ತು ಇರಬಹುದು, ಮರಿಗಳಿರುವ ತಿಂಗಳುಗಳಲ್ಲಿ ಯಾವ ಭಾಗವನ್ನು ಬಿಟ್ಟುಬಿಡಬೇಕು ಎಂಬುದನ್ನು ಗ್ರಾಮಸಭೆಯಲ್ಲಿ ಚರ್ಚಿಸಿ, ಆ ಪ್ರತಿನಿಧಿಯ ಮೂಲಕ ಸಮಿತಿಯ ಮುಂದಿಡಬಹುದು. ಅಂತರವನ್ನು ಅಳೆಯಲು ಗಜಕೋಲೂ ಬೇಡ. ಮೇಯುತ್ತಿರುವ ಹೆಣ್ಣು ತಲೆಯೆತ್ತಿ ನೋಡಿದರೆ ಅಲ್ಲಿಯೇ ನಿಲ್ಲಬೇಕು. ಎತ್ತಿದ ತಲೆಯನ್ನು ಇಳಿಸದಿದ್ದರೆ ಹಿಂದೆ ಸರಿಯಬೇಕು. ಕುರಿ ಕಾಯುವ ಹುಡುಗರಿಗೆ ಇದು ಹೊಸ ಪಾಠವಲ್ಲ. ಸಂಜೆಯ ಹೊತ್ತು ಕ್ಯಾಮೆರಾದವರಿಗೆ ಬಲು ಪ್ರಿಯ, ಬೆಳಕು ಹೊಂಬಣ್ಣಕ್ಕೆ ತಿರುಗಿರುತ್ತದೆ. ಅದೇ ಹೊತ್ತಿನಲ್ಲಿ ಹುಲ್ಲಿನಲ್ಲಿ ಮರಿಯಿದ್ದರೆ, ವಾಹನ ಹೊರಟುಹೋದ ಮೇಲೆಯೂ ತಾಯಿ ದೂರದ ದಿಬ್ಬದ ಮೇಲೆ ನಿಂತು, ಸದ್ದು ಪೂರ್ತಿ ಅಡಗುವವರೆಗೆ ಕೆಳಗಿಳಿಯದೆ ಕಾಯುತ್ತಿರುತ್ತಾಳೆ.