ಬೆಂಚ್‌ನಿಂದ ಮೈದಾನಕ್ಕೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಂಪ್ಯೂಟರ್ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಮೇಡಂ ಹೇಳಿದ್ದರು. ಅದನ್ನು ಹೇಳುವವರು ಇಂದಿರಾನಗರದಲ್ಲಿ ಪ್ರತಿ ಕಾಫಿ ಅಂಗಡಿಯಲ್ಲೂ ನಾಲ್ಕು ಜನ ಸಿಗುತ್ತಾರೆ. ಅವರ ಅನುಮತಿ ಪಡೆದು ನಾನು ಫುಟ್‌ಬಾಲ್ ಬಗ್ಗೆ ಮಾತಾಡುತ್ತೇನೆ. ಇಲ್ಲಿರುವ ಮಕ್ಕಳಲ್ಲಿ ಬಹಳಷ್ಟು ಜನ ಹಲಸೂರು, ಮರ್ಫಿ ಟೌನ್, ಕೋಡಿಹಳ್ಳಿ ಕಡೆಯಿಂದ ಬರುವವರು. ನಿಮ್ಮಲ್ಲಿ ಕೆಲವರಿಗೆ ಇದು ಆಟದ ವಿಷಯವಷ್ಟೇ ಅಲ್ಲ, ಹತ್ತನೇ ಕ್ಲಾಸ್ ಆದಮೇಲೆ ಏನು ಅನ್ನುವ ಪ್ರಶ್ನೆ.

ನಮ್ಮ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಬೇರೆ ಬಡಾವಣೆಯವರಿಗೆ ಇದು ವಿಚಿತ್ರ ಅನಿಸಬಹುದು, ನಮಗಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆಗ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ಆಮೇಲಿನ ಕಾಲದಲ್ಲಿ ಈ ಕಡೆಯ ಹುಡುಗನ ದಾರಿ ಸುಲಭವಾಗಿತ್ತು. ಚೆನ್ನಾಗಿ ಆಡಿದರೆ ಎಚ್‌ಎಎಲ್, ಇಲ್ಲವೇ ಕೆ.ಆರ್. ಪುರದ ಹತ್ತಿರದ ಐಟಿಐ ತಂಡ. ತಂಡದ ಜೊತೆಗೆ ಕಾರ್ಖಾನೆಯ ನೌಕರಿ. ಮೊಣಕಾಲು ಕೈಕೊಟ್ಟರೂ ತಿಂಗಳ ಸಂಬಳಕ್ಕೆ ಮೋಸವಿಲ್ಲ. ಐಟಿಐ ರಾಷ್ಟ್ರೀಯ ಲೀಗ್‌ನಲ್ಲಿ ಆಡಿತು, ಎಚ್‌ಎಎಲ್ ಐ-ಲೀಗ್‌ನಲ್ಲಿ ಆಡಿ 2012ರಲ್ಲಿ ಕೆಳಗಿಳಿಯಿತು. ಆ ದಾರಿ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

ಮರುವರ್ಷ, 2013ರಲ್ಲಿ, ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು, 2019ರಲ್ಲಿ ಐಎಸ್‌ಎಲ್ ಗೆದ್ದಿತು. ಗೆಲ್ಲುವ ಕಾಲದ ಕಥೆ ಎಲ್ಲರಿಗೂ ಗೊತ್ತು. ನನಗೆ ಆಸಕ್ತಿ ಇರುವುದು ಸೋಲುವ ಕಾಲದಲ್ಲಿ.

2020-21ರ ಸೀಸನ್ ನೆನಪು ಮಾಡಿಕೊಳ್ಳಿ. ಕೊರೊನಾ ಕಾಲ, ಎಲ್ಲ ಪಂದ್ಯಗಳೂ ಗೋವಾದಲ್ಲಿ, ಖಾಲಿ ಮೈದಾನದಲ್ಲಿ. ಸಾಲು ಸೋಲುಗಳಾದವು. ಜನವರಿಯಲ್ಲಿ ಕೋಚ್ ಕಾರ್ಲೆಸ್ ಕ್ವಾಡ್ರಾಟ್ ಹೋದರು. ಅವರ ಜಾಗಕ್ಕೆ ತಾತ್ಕಾಲಿಕವಾಗಿ ಬಂದವರು ನೌಶಾದ್ ಮೂಸಾ. ಅದಕ್ಕೂ ಮೊದಲು ಅವರು ಮೀಸಲು ತಂಡದ ಹುಡುಗರನ್ನು ನೋಡಿಕೊಳ್ಳುತ್ತಿದ್ದವರು, ಯಾರಿಗೆ ಎಷ್ಟು ಕಾಲು, ಎಷ್ಟು ಗುಂಡಿಗೆ ಅಂತ ಬಲ್ಲವರು. ಅವರು ಹುಡುಗರಿಗೆ ಅವಕಾಶ ಕೊಟ್ಟರು. ತಂಡ ಏಳನೇ ಸ್ಥಾನದಲ್ಲಿ ಮುಗಿಸಿತು. ಪಟ್ಟಿ ನೋಡಿದವರು ಪ್ರಯೋಗ ಸೋತಿತು ಅಂದರು. ನಾನು ಒಪ್ಪುವುದಿಲ್ಲ. ಅದೇ ವರ್ಷ ಮೂಸಾ ಎಳೆಯರ ತಂಡ ಕಟ್ಟಿಕೊಂಡು ಡುರಾಂಡ್ ಕಪ್ ಸೆಮಿಫೈನಲ್ ತನಕ ಹೋದರು. 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್‌ನ ಮೊದಲ ಆವೃತ್ತಿಯನ್ನು ಅವರ ಹುಡುಗರೇ ಗೆದ್ದರು.

ಅವರಲ್ಲೊಬ್ಬ ತಮಿಳುನಾಡಿನ ಶಿವಶಕ್ತಿ ನಾರಾಯಣನ್. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದಲ್ಲಿ ನಡೆದ ಡುರಾಂಡ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಅವನದೇ. 2-1ರಿಂದ ಗೆದ್ದೆವು. ಆದರೆ ಆ ವರ್ಷ ಐಎಸ್‌ಎಲ್‌ನಲ್ಲಿ ತಂಡ ಮತ್ತೆ ಕೆಳಗೇ ತೆವಳುತ್ತಿತ್ತು. ಆಗ ಕೋಚ್ ಸೈಮನ್ ಗ್ರೇಸನ್ ಮಾಡಿದ ಕೆಲಸಕ್ಕೆ ಧೈರ್ಯ ಬೇಕು. ಹುಡುಗನನ್ನು ರಾಯ್ ಕೃಷ್ಣ ಜೊತೆ ಮುಂಚೂಣಿಯಲ್ಲಿ ಆಡಿಸಿ, ಸುನಿಲ್ ಛೆಟ್ರಿಯವರನ್ನು ಬೆಂಚ್ ಮೇಲೆ ಕೂರಿಸಿದರು. ಛೆಟ್ರಿಯವರನ್ನು! ಕಂಠೀರವದಲ್ಲಿ ನನ್ನ ಪಕ್ಕ ಕೂರುವ ಹಿರಿಯರೊಬ್ಬರು ಒಂದು ವಾರ ಗ್ರೇಸನ್ ಹೆಸರೆತ್ತಿದರೆ ಬಯ್ಯುತ್ತಿದ್ದರು. ಲೀಗ್‌ನ ಕೊನೆಯ ಎಂಟು ಪಂದ್ಯಗಳನ್ನೂ ಗೆದ್ದ ಮೇಲೆ ಬೈಗುಳ ನಿಂತಿತು. ತಂಡ ಫೈನಲ್‌ಗೆ ಹೋಯಿತು. ಅಲ್ಲಿ ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ಹುಡುಗ ಗಾಯಗೊಂಡು ಹೊರಬಂದ. ಅವನ ಜಾಗಕ್ಕೆ ಇಳಿದವರು ಅದೇ ಛೆಟ್ರಿ. 2-2 ಸಮ, ಪೆನಾಲ್ಟಿಯಲ್ಲಿ ಸೋಲು. ಆ ವರ್ಷದ ಉದಯೋನ್ಮುಖ ಆಟಗಾರ ಪ್ರಶಸ್ತಿ ಶಿವಶಕ್ತಿಗೆ ಬಂತು. ಹಿಂದಿನ ವರ್ಷ ಅದು ಬಂದದ್ದು ನಮ್ಮದೇ ಕ್ಲಬ್ಬಿನ ಮಣಿಪುರದ ಹುಡುಗ ರೋಷನ್ ಸಿಂಗ್‌ಗೆ.

ಇಷ್ಟಕ್ಕೇ ನಿಲ್ಲಿಸಿದರೆ ಸಿನಿಮಾ ಆಗುತ್ತದೆ. ಮರುವರ್ಷ ರಾಯ್ ಕೃಷ್ಣ ಒಡಿಶಾಗೆ ಹೋದರು, ಡಿಸೆಂಬರ್‌ನಲ್ಲಿ ಗ್ರೇಸನ್ ಹೋದರು, 12 ತಂಡಗಳಲ್ಲಿ ಬೆಂಗಳೂರು 10ನೇದಾಯಿತು. ಎಳೆಯ ಆಟಗಾರ ಬೆಳೆಯುವುದು ಪಕ್ಕದಲ್ಲಿರುವ ಹಿರಿಯನ ನೆರಳಿನಲ್ಲಿ. ಹಿರಿಯರನ್ನು ತೆಗೆದು ಹನ್ನೊಂದೂ ಜನ ಹುಡುಗರನ್ನು ಇಳಿಸಿದರೆ ಅದು ಬೆಳೆಸುವುದಲ್ಲ, ಬಲಿ ಕೊಡುವುದು. 2024ರ ಸೆಪ್ಟೆಂಬರ್‌ನಲ್ಲಿ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಏಕೈಕ ಗೋಲು ಹೊಡೆದು ಗೆಲ್ಲಿಸಿದವನು 19 ವರ್ಷದ ವಿನೀತ್ ವೆಂಕಟೇಶ್. ಅದೇ ಸೀಸನ್‌ನಲ್ಲಿ 40 ವರ್ಷದ ಛೆಟ್ರಿ 14 ಗೋಲು ಹೊಡೆದರು. ಇಬ್ಬರೂ ಒಂದೇ ತಂಡದಲ್ಲಿ ಇದ್ದರು, ತಂಡ ಮತ್ತೆ ಫೈನಲ್ ತಲುಪಿತು.

ಕಷ್ಟದಲ್ಲಿರುವ ಕ್ಲಬ್ ಹುಡುಗರನ್ನು ಯಾಕೆ ಆಡಿಸುವುದಿಲ್ಲ? ಸೋಲಿನ ಭಯ ಅನ್ನುತ್ತಾರೆ. ಆದರೆ ನಾನು ಹೇಳಿದ ಈ ವರ್ಷಗಳಲ್ಲಿ ಐಎಸ್‌ಎಲ್‌ನಿಂದ ಕೆಳಗಿಳಿಸುವ ನಿಯಮವೇ ಜಾರಿಯಲ್ಲಿರಲಿಲ್ಲ. ಕೊನೆಯ ಸ್ಥಾನ ಬಂದರೂ ಕ್ಲಬ್‌ಗೆ ಮುಂದಿನ ವರ್ಷ ಜಾಗ ಗಟ್ಟಿ. ಗಟ್ಟಿ ಇಲ್ಲದ್ದು ಕೋಚ್‌ನ ಕೆಲಸ. ಮೂರು ಪಂದ್ಯ ಸೋತರೆ ಮನೆಗೆ ಹೋಗುವವನು ಮೂರು ವರ್ಷದ ಫಸಲಿಗೆ ಬೀಜ ಹಾಕುತ್ತಾನೆಯೇ? ಹಾಗಾಗಿ ನಿಯಮ ಮಾಡಬೇಕಾಗುತ್ತದೆ. 2021ರಿಂದ ಮೈದಾನದಲ್ಲಿ ವಿದೇಶಿಯರು ನಾಲ್ಕೇ ಜನ ಇರಬೇಕೆಂದಾಯಿತು. ಅಂದರೆ ಏಳು ಜನ ನಮ್ಮವರು. ನನ್ನ ಪ್ರಕಾರ ಎಷ್ಟೋ ಅಕಾಡೆಮಿಗಳ ಕಟ್ಟಡಕ್ಕಿಂತ ಈ ಒಂದು ಸಾಲಿನಿಂದ ಹೆಚ್ಚು ಉಪಯೋಗವಾಗಿದೆ. ಬಾರ್ಸಿಲೋನಾದಂಥ ಕ್ಲಬ್ ಕೂಡ ಸಾಲದಲ್ಲಿ ಮುಳುಗಿದಾಗ ತನ್ನ ಅಕಾಡೆಮಿಯ ಕಡೆ ನೋಡಿತು. 2023ರಲ್ಲಿ 15 ವರ್ಷದ ಲಮೀನ್ ಯಮಾಲ್ ಮೈದಾನಕ್ಕಿಳಿದ.

ನಮ್ಮ ಸಾಫ್ಟ್‌ವೇರ್ ಲೋಕದಲ್ಲೂ ಬೆಂಚ್ ಇದೆ. ಪ್ರಾಜೆಕ್ಟ್ ಇಲ್ಲದೆ ಕೂತಿರುವುದಕ್ಕೆ ಹಾಗನ್ನುತ್ತೇವೆ. ಆರು ತಿಂಗಳು ತರಬೇತಿಯಲ್ಲಿ ಕಲಿಯದ್ದನ್ನು ಹೊಸಬ ನಿಜವಾದ ಗ್ರಾಹಕನ ಕೆಲಸ ಕೈಗೆ ಬಂದ ಆರು ವಾರದಲ್ಲಿ ಕಲಿಯುತ್ತಾನೆ. ಆದರೆ ಬೆಂಚ್ ಮೇಲೆ ಕೂತ ಎಂಜಿನಿಯರ್ ಕೈಯಲ್ಲಿ ಬಿಇ ಪದವಿ ಇರುತ್ತದೆ. ನನ್ನ ಬ್ಯಾಚಿನಲ್ಲಿ ಹಲಸೂರಿನ ಗೆಳೆಯನೊಬ್ಬ ಇದ್ದ. ನಮ್ಮೆಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ. ಒಂದು ಕ್ಲಬ್ ಅವನನ್ನು ಮೀಸಲು ತಂಡದಲ್ಲಿ ಎರಡು ವರ್ಷ ಕೂರಿಸಿಕೊಂಡಿತು, ಹದಿನೈದು ನಿಮಿಷ ಕೂಡ ಆಡಿಸಲಿಲ್ಲ, ಆಮೇಲೆ ಕಿಟ್ ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ ಪಿಯುಸಿ ಕೈಬಿಟ್ಟು ಹೋಗಿತ್ತು. ಈಗ ಅವನು ಆಟೊ ಓಡಿಸುತ್ತಾನೆ, ಭಾನುವಾರ ಬೆಳಿಗ್ಗೆ ಬಡಾವಣೆಯ ಹುಡುಗರಿಗೆ ಆಟ ಕಲಿಸುತ್ತಾನೆ.

ಅದಕ್ಕೇ ಪೋಷಕರಿಗೆ ಹೇಳುತ್ತೇನೆ. ಮಗನನ್ನೋ ಮಗಳನ್ನೋ ಅಕಾಡೆಮಿಗೆ ಕರೆದರೆ ಹಾಸ್ಟೆಲ್ ಹೇಗಿದೆ, ಶೂ ಯಾವುದು ಕೊಡುತ್ತಾರೆ ಅಂತ ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಇದನ್ನೂ ಕೇಳಿ: ಹೋದ ವರ್ಷ ನಿಮ್ಮಲ್ಲಿಂದ ಎಷ್ಟು ಮಕ್ಕಳು ಮೊದಲ ತಂಡದಲ್ಲಿ ಆಡಿದರು, ಎಷ್ಟು ನಿಮಿಷ ಆಡಿದರು, ಓದು ಯಾವ ಶಾಲೆಯಲ್ಲಿ? ಉತ್ತರ ಬಾಯಲ್ಲಿ ಬೇಡ, ಕಾಗದದಲ್ಲಿ ತೋರಿಸಲಿ.

ಮೇಡಂಗೂ ದೈಹಿಕ ಶಿಕ್ಷಕರಿಗೂ ನಮ್ಮ ಬ್ಯಾಚಿನ ಒಂದು ಮನವಿ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹೋಗುವಾಗ ಹತ್ತನೇ ಕ್ಲಾಸಿನವರ ಜೊತೆ ಎಂಟನೇ ಕ್ಲಾಸಿನ ಇಬ್ಬರನ್ನಾದರೂ ಮೈದಾನಕ್ಕಿಳಿಸಿ. ಸೋತರೆ ನಾವ್ಯಾರೂ ಕೇಳುವುದಿಲ್ಲ. ಗೋಲಿನ ಬಲೆ ಎರಡು ತಂದಿದ್ದೇವೆ, ಸ್ಟಾಫ್ ರೂಮಿನಲ್ಲಿ ಇಟ್ಟಿದ್ದೇವೆ. ನನ್ನ ಆಟೊ ಗೆಳೆಯ ಮುಂದಿನ ಭಾನುವಾರ ಕಂಬ ನೆಡಲು ಬರುತ್ತಾನೆ. ಗುಂಡಿ ತೋಡಲು ನಾಲ್ಕು ಜನ ಬೇಕಂತೆ, ಮಕ್ಕಳೇ.